ಗುಟ್ಟು ಗೊತ್ತಿದ್ದದ್ದು ಮೂವರಿಗೆ: ಶ್ರೀಪೆರಂಬುದೂರಿನಿಂದ ಕೋಣನಕುಂಟೆವರೆಗೆ

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ಕ್ರಾಸ್ ಅಂತ ಒಂದು ಮೆಟ್ರೋ ಸ್ಟೇಷನ್ ಇದೆ. ಹಸಿರು ಮಾರ್ಗದ್ದು, 2021ರ ಜನವರಿಯಲ್ಲಿ ಶುರುವಾಯಿತು. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. 1991ರಲ್ಲಿ ಕೋಣನಕುಂಟೆ ಊರಾಚೆಯ ಜಾಗ. ಅಲ್ಲೊಂದು ಇಲ್ಲೊಂದು ಹೊಸ ಮನೆ ಏಳುತ್ತಿದ್ದ ಕಾಲ. ಆ ವರ್ಷ ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಅಲ್ಲಿನ ಒಂದು ಬಾಡಿಗೆ ಮನೆಯ ಒಳಗೆ ನುಗ್ಗಿದರು. ಗುಂಡಿನ ಉತ್ತರ ಬರಲಿಲ್ಲ. ಒಳಗಿದ್ದದ್ದು ಏಳು ಹೆಣ.

ಅದರಲ್ಲಿ ಒಂದು, ಮೂರು ತಿಂಗಳಿಂದ ಇಡೀ ದೇಶ ಹುಡುಕುತ್ತಿದ್ದ ಒಕ್ಕಣ್ಣ ಶಿವರಾಸನ್‌ನದು. ತಲೆಗೆ ತಾನೇ ಗುಂಡು ಹೊಡೆದುಕೊಂಡಿದ್ದ. ಉಳಿದವರು ಸೈನೈಡ್ ಕಚ್ಚಿದ್ದರು. ಅವತ್ತು, ಅವನ ತಂಡ ಮೂರು ತಿಂಗಳ ಹಿಂದೆ ಕೊಂದಿದ್ದ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಹುಟ್ಟಿದ ದಿನ. ಬದುಕಿದ್ದರೆ 47 ತುಂಬುತ್ತಿತ್ತು.

ರಾಜೀವ್ ಹತ್ಯೆ ಬಗ್ಗೆ ಬರೆದವರು ಬೇಕಾದಷ್ಟು ಜನ. ಭದ್ರತೆ ಎಲ್ಲಿ ಸಡಿಲಾಯಿತು, ಇದರ ಹಿಂದೆ ಬೇರೆ ದೇಶದ ಕೈ ಇತ್ತಾ, ಯಾವ ಪಕ್ಷಕ್ಕೆ ಲಾಭವಾಯಿತು ಅನ್ನುವ ಚರ್ಚೆಗಳು ಇನ್ನೂ ನಿಂತಿಲ್ಲ. ನನಗೆ ಇಲ್ಲಿ ಬೇಕಿರುವುದು ಅದಕ್ಕಿಂತ ಸಣ್ಣ ಪ್ರಶ್ನೆ. ಈ ಕೊಲೆಯಲ್ಲಿ ಯಾರಿಗೆ ಎಷ್ಟು ಗೊತ್ತಿತ್ತು? ಕೋಣನಕುಂಟೆಯ ಆ ಮನೆಯಿಂದ ಹಿಡಿದು 2022ರ ಸುಪ್ರೀಂ ಕೋರ್ಟ್ ಆದೇಶದವರೆಗೆ ಎಲ್ಲವೂ ತಿರುಗುವುದು ಈ ಪ್ರಶ್ನೆಯ ಸುತ್ತಲೇ.

ಕುತ್ತಿಗೆಯ ಕುಪ್ಪಿ

ಎಲ್‌ಟಿಟಿಇ ಹುಟ್ಟಿದ್ದು 1976ರ ಮೇ 5ರಂದು, ಶ್ರೀಲಂಕಾದ ತಮಿಳರಿಗೆ ಪ್ರತ್ಯೇಕ ನಾಡು ಬೇಕು ಅಂತ. ತಮಿಳು ಹುಲಿಗಳು ಅನ್ನುವುದು ಇವರಿಗೇ. ಅದಕ್ಕೂ ಮೊದಲೇ, 1975ರ ಜುಲೈನಲ್ಲಿ, ಅದರ ನಾಯಕ ವೇಲುಪಿಳ್ಳೈ ಪ್ರಭಾಕರನ್ ಉತ್ತರ ಶ್ರೀಲಂಕಾದ ಜಾಫ್ನಾದ ಮೇಯರ್ ಆಲ್ಫ್ರೆಡ್ ದೊರೈಯಪ್ಪ ಅವರನ್ನು ಪೊನ್ನಾಲೈಯ ಪೆರುಮಾಳ್ ದೇವಸ್ಥಾನದ ಹತ್ತಿರ ಗುಂಡಿಟ್ಟು ಕೊಂದಿದ್ದ. ಸತ್ತ ಮೇಯರ್ ಕೂಡ ತಮಿಳರೇ. ಇದನ್ನು ನೆನಪಿಟ್ಟುಕೊಳ್ಳಬೇಕು. ಸಿಂಹಳ ಸೈನ್ಯದ ಜೊತೆ ಹೋರಾಡಿದಷ್ಟೇ ಹಟದಿಂದ ಹುಲಿಗಳು ತಮ್ಮವರನ್ನೂ ಮುಗಿಸಿದರು. ಬೇರೆ ತಮಿಳು ಸಂಘಟನೆಗಳು, ಒಪ್ಪದ ರಾಜಕಾರಣಿಗಳು, ಪ್ರಶ್ನೆ ಕೇಳಿದ ಮೇಷ್ಟ್ರುಗಳು, ಯಾರನ್ನೂ ಬಿಡಲಿಲ್ಲ.

ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. 1956ರಲ್ಲಿ ಸಿಂಹಳ ಮಾತ್ರ ಅಧಿಕೃತ ಭಾಷೆಯಾಯಿತು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟು ಹಂಚುವ ನಿಯಮ ಬದಲಾಗಿ, ಓದಿನಲ್ಲಿ ಮುಂದಿದ್ದ ಜಾಫ್ನಾದ ಹುಡುಗರು ಹೊರಗುಳಿದರು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು, ಸುಮಾರು 97,000 ಪುಸ್ತಕ ಸುಟ್ಟುಹೋದವು. 1983ರ ಜುಲೈ 23ರಂದು ತಿರುನೆಲ್ವೇಲಿಯಲ್ಲಿ (ತಮಿಳುನಾಡಿನದ್ದಲ್ಲ, ಜಾಫ್ನಾ ಪಕ್ಕದ್ದು) ಹುಲಿಗಳು ಹೊಂಚುಹಾಕಿ 13 ಸೈನಿಕರನ್ನು ಕೊಂದರು. ಅದಕ್ಕೆ ಉತ್ತರವಾಗಿ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು. ‘ಕಪ್ಪು ಜುಲೈ’ ಅನ್ನುವುದು ಇದಕ್ಕೇ. ಅಲ್ಲಿಯತನಕ ಕೆಲವು ಡಜನ್ ಹುಡುಗರಿದ್ದ ಸಂಘಟನೆಗೆ ಆಮೇಲೆ ಸಾಲುಗಟ್ಟಿ ಜನ ಬಂದರು. ಭಾರತ ಸರ್ಕಾರವೂ ಗುಟ್ಟಾಗಿ ತರಬೇತಿ ಕೊಟ್ಟಿತು, ಹುಲಿಗಳಿಗೆ ಮಾತ್ರ ಅಲ್ಲ, ಹಲವು ತಮಿಳು ಗುಂಪುಗಳಿಗೆ.

ಹುಲಿಗಳನ್ನು ಬೇರೆಯವರಿಂದ ಬೇರೆ ಮಾಡಿದ್ದು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಗಾಜಿನ ಸೈನೈಡ್ ಕುಪ್ಪಿ. ಅವರೂ ಅದನ್ನು ‘ಕುಪ್ಪಿ’ ಅಂತಲೇ ಕರೆಯುತ್ತಿದ್ದರು. ನಮ್ಮ ಎಣ್ಣೆ ಕುಪ್ಪಿ, ಔಷಧಿ ಕುಪ್ಪಿಯ ಅದೇ ಪದ. ಈ ದಾರಿಯನ್ನು ಮೊದಲು ತೋರಿಸಿದವನು ಹುಲಿಯಲ್ಲ, 1974ರಲ್ಲಿ ಪೊಲೀಸರ ಕೈಗೆ ಸಿಗುವ ಹೊತ್ತಿಗೆ ವಿಷ ನುಂಗಿದ ಪೊನ್ನುದುರೈ ಶಿವಕುಮಾರನ್ ಅನ್ನುವ ಯುವಕ. ಪ್ರಭಾಕರನ್ ಅದನ್ನು ಪದ್ಧತಿ ಮಾಡಿದ. ಹೊರಗಿನವರಿಗೆ ಇದು ತ್ಯಾಗದ ಗುರುತಾಗಿ ಕಂಡಿತು. ನನಗನ್ನಿಸುವುದು, ಅದು ಮೊದಲಿಗೆ ಒಂದು ಬೀಗ. ಸಿಕ್ಕಿಬಿದ್ದವನ ಬಾಯಿಗೆ ಹಾಕುವ ಬೀಗ. ಅವನ ಜೊತೆಗೇ ಅವನಿಗೆ ಗೊತ್ತಿದ್ದದ್ದೂ ಹೋಗುತ್ತದೆ.

ಹಾಲು ಒಡೆದದ್ದು ಹೇಗೆ

1987ರ ಜೂನ್ 4ರಂದು ಭಾರತದ ಐದು ಎಎನ್-32 ವಿಮಾನಗಳು ಮುತ್ತಿಗೆಯಲ್ಲಿದ್ದ ಜಾಫ್ನಾದ ಮೇಲೆ ಅಕ್ಕಿ, ತರಕಾರಿ, ಔಷಧಿಯ ಮೂಟೆ ಉದುರಿಸಿದವು. ವಿಮಾನಗಳು ಹಾರಿದ್ದು ಬೆಂಗಳೂರಿನಿಂದ. ಜಾಫ್ನಾದ ಜನ ಛಾವಣಿ ಹತ್ತಿ ಕೈ ಬೀಸಿದ್ದರಂತೆ. ಜುಲೈ 29ಕ್ಕೆ ಆಗಿನ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುವಾಗ ಸಿಂಹಳ ನೌಕಾ ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಮೇಲೆ ಬೀಸಿದ. ಅವರು ಬಗ್ಗಿದ್ದರಿಂದ ಪೆಟ್ಟು ಭುಜಕ್ಕೆ ಬಿತ್ತು.

ಒಪ್ಪಂದದ ಪ್ರಕಾರ ಹುಲಿಗಳು ಆಯುಧ ಒಪ್ಪಿಸಬೇಕಿತ್ತು. ಸ್ವಲ್ಪ ಒಪ್ಪಿಸಿದರು, ಜಾಸ್ತಿ ಉಳಿಸಿಕೊಂಡರು. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆ 17 ಹುಲಿಗಳನ್ನು ಸಮುದ್ರದಲ್ಲಿ ಹಿಡಿಯಿತು. ಅವರನ್ನು ಕೊಲಂಬೊಗೆ ಒಯ್ಯುವುದು ಬೇಡ ಅಂತ ಭಾರತ ಕೇಳಿಕೊಂಡಿತು, ಅವರು ಕೇಳಲಿಲ್ಲ. ಪಲಾಲಿ ನೆಲೆಯಲ್ಲಿ ಆ ಹುಡುಗರ ಕೈಗೆ ಕುಪ್ಪಿಗಳು ಗುಟ್ಟಾಗಿ ತಲುಪಿದವು. ವಿಮಾನ ಹತ್ತಿಸುವ ಹೊತ್ತಿಗೆ ಕಚ್ಚಿದರು, 12 ಜನ ಸತ್ತರು. ಅದಾಗಿ ಒಂದು ವಾರದೊಳಗೆ ಶಾಂತಿ ಕಾಯಲು ಹೋದ ಭಾರತೀಯ ಪಡೆ ಹುಲಿಗಳ ಜೊತೆ ಯುದ್ಧಕ್ಕಿಳಿದಿತ್ತು.

ಆ ಯುದ್ಧದಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. ನಮ್ಮ ಪಡೆಯಿಂದಲೂ ಆಗಬಾರದ್ದು ಆಯಿತು. ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯ ಒಳಗೆ ರೋಗಿಗಳು, ಡಾಕ್ಟರುಗಳು, ನರ್ಸುಗಳು ಗುಂಡಿಗೆ ಬಲಿಯಾದರು. ಜಾಫ್ನಾದವರು ಅದನ್ನು ಇವತ್ತಿಗೂ ಮರೆತಿಲ್ಲ. ಇದರ ನಡುವೆ ಒಂದು ತಮಾಷೆ ನೋಡಿ: ಭಾರತೀಯ ಸೈನ್ಯ ಜಾಗ ಖಾಲಿ ಮಾಡಲಿ ಅಂತ ಶ್ರೀಲಂಕಾ ಅಧ್ಯಕ್ಷ ಪ್ರೇಮದಾಸ ತಾನೇ ಹುಲಿಗಳಿಗೆ ಆಯುಧ ಕೊಡಿಸಿದರು. 1990ರ ಮಾರ್ಚ್‌ನಲ್ಲಿ ನಮ್ಮ ಕೊನೆಯ ತುಕಡಿ ಹೊರಟಿತು. 1993ರ ಮೇ ದಿನದ ಮೆರವಣಿಗೆಯಲ್ಲಿ ಪ್ರೇಮದಾಸರನ್ನು ಹುಲಿಗಳ ಬಾಂಬೇ ಕೊಂದಿತು.

ರಾಜೀವ್ 1989ರಲ್ಲಿ ಅಧಿಕಾರ ಕಳೆದುಕೊಂಡಿದ್ದರು. 1991ರ ಚುನಾವಣೆಯಲ್ಲಿ ಮತ್ತೆ ಬರುವ ಲಕ್ಷಣ ಇತ್ತು. 1990ರ ಆಗಸ್ಟ್‌ನಲ್ಲಿ ಒಂದು ವಾರಪತ್ರಿಕೆಯ ಸಂದರ್ಶನದಲ್ಲಿ ಅವರು ಒಪ್ಪಂದವನ್ನು ಸಮರ್ಥಿಸಿಕೊಂಡಿದ್ದರು. ಬಂದರೆ ಸೈನ್ಯವೂ ಮತ್ತೆ ಬರುತ್ತದೆ ಅನ್ನುವುದು ಪ್ರಭಾಕರನ್‌ನ ಲೆಕ್ಕ.

ಒಂಬತ್ತು ಜನ, ಒಂದು ದೋಣಿ

1991ರ ಮೇ 1ರ ಸುಮಾರಿಗೆ ತಮಿಳುನಾಡಿನ ಕೋಡಿಯಕ್ಕರೈ ತೀರಕ್ಕೆ ಒಂದು ದೋಣಿಯಲ್ಲಿ ಒಂಬತ್ತು ಜನ ಬಂದಿಳಿದರು. ನಾಯಕ ಶಿವರಾಸನ್. ಸೈನ್ಯದ ಜೊತೆ ಕಾದಾಟದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ. ಹಿಂದಿನ ವರ್ಷ ಜೂನ್‌ನಲ್ಲಿ ಮದ್ರಾಸಿನ ಕೋಡಂಬಾಕ್ಕಂನಲ್ಲಿ ಎದುರಾಳಿ ತಮಿಳು ಗುಂಪು ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಮತ್ತು ಅವರ ಜೊತೆಯವರನ್ನು ಕೊಂದು ಸಲೀಸಾಗಿ ಸಮುದ್ರ ದಾಟಿದ ತಂಡ ಇವನದೇ. ಈ ಸಲ ಜೊತೆಯಲ್ಲಿ ಧನು, ಶುಭಾ ಅನ್ನುವ ಇಬ್ಬರು ಹುಡುಗಿಯರು. ಸಹಾಯಕ್ಕೆ ಸಂತನ್ ಮತ್ತು ಇನ್ನೂ ಐವರು.

ಇವರಿಗೆ ಊರಿನವರ ಆಸರೆ ಬೇಕಿತ್ತು. ಜಾಫ್ನಾದ ತಮಿಳು ಬಾಯಿಬಿಟ್ಟ ಕೂಡಲೇ ಗೊತ್ತಾಗುತ್ತದೆ. ಮಂಗಳೂರು ಕನ್ನಡದವರು ಮಂಡ್ಯಕ್ಕೆ ಬಂದು ಬಾಯಿಬಿಟ್ಟ ಹಾಗೆ. ಸಭೆಯಲ್ಲಿ ಪೊಲೀಸರು ಏನಾದರೂ ಕೇಳಿದರೆ ಉತ್ತರ ಹೇಳಲು ಮದ್ರಾಸಿನ ನಾಲಿಗೆ ಬೇಕು. ಆ ಕೆಲಸಕ್ಕೆ ಸಿಕ್ಕವಳು ನಳಿನಿ, ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದವಳು. ಹುಲಿಗಳ ಕಡೆಯ ಮುರುಗನ್ ಅವಳ ಮನೆಗೆ ಬಂದು ಸೇರಿಕೊಂಡಿದ್ದ, ಇಬ್ಬರಿಗೂ ಪ್ರೀತಿಯಾಗಿತ್ತು. ಫೋಟೋ ತೆಗೆಯಲು ಹರಿಬಾಬು. ಸಾಮಾನು ತಂದುಕೊಡಲು 19 ವರ್ಷದ ಪೇರರಿವಾಳನ್. ಅಂಗಡಿಯಿಂದ ಎರಡು 9 ವೋಲ್ಟ್ ಬ್ಯಾಟರಿ ತಂದುಕೊಟ್ಟ ಅನ್ನುವುದು ಅವನ ಮೇಲಿನ ಮುಖ್ಯ ಆರೋಪ.

ಮೇ 7ರಂದು ಮದ್ರಾಸಿನಲ್ಲಿ ವಿ.ಪಿ. ಸಿಂಗ್ ಸಭೆಗೆ ಹೋಗಿ ತಾಲೀಮು ಮಾಡಿದರು. ವಿಐಪಿಗೆ ಎಷ್ಟು ಹತ್ತಿರ ಹೋಗಬಹುದು ಅಂತ ನೋಡಲು. ಅದೇ ದಿನ ಶಿವರಾಸನ್, ಹುಲಿಗಳ ಬೇಹು ವಿಭಾಗದ ಪೊಟ್ಟು ಅಮ್ಮಾನ್‌ಗೆ ವೈರ್‌ಲೆಸ್ ಸಂದೇಶ ಕಳಿಸಿದ. ನಮ್ಮ ಉದ್ದೇಶ ನಾವು ಮೂವರನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ ಅನ್ನುವುದು ಅದರ ಸಾರ. ಮೂವರು ಅಂದರೆ ಶಿವರಾಸನ್, ಶುಭಾ, ಧನು. ಇದು ತನಿಖೆಯವರು ಆಮೇಲೆ ಬಿಡಿಸಿ ಓದಿದ ಸಂದೇಶ, ಕೋರ್ಟಿನ ದಾಖಲೆಯಲ್ಲಿದೆ. ಮುಂದಿನ 30 ವರ್ಷದ ವಾದವೆಲ್ಲ ಈ ಒಂದು ಸಾಲಿನೊಳಗೇ ಇದೆ ಅಂದರೂ ತಪ್ಪಿಲ್ಲ.

ಮೇ 21, ಮದ್ರಾಸಿನ ಹತ್ತಿರದ ಶ್ರೀಪೆರಂಬುದೂರು, ಚುನಾವಣಾ ಸಭೆ. ರಾಜೀವ್ ವಿಶಾಖಪಟ್ಟಣದಿಂದ ಮದ್ರಾಸಿಗೆ ಹಾರಿ, ಅಲ್ಲಿಂದ ಕಾರಿನಲ್ಲಿ ಬಂದರು. ರಾತ್ರಿ ಹತ್ತು ದಾಟಿತ್ತು. ಧನು ಕೈಯಲ್ಲಿ ಗಂಧದ ಹಾರ. ನಮ್ಮಲ್ಲಿ ಗೋಡೆಯ ಫೋಟೋಗಳಿಗೆ ಹಾಕುತ್ತೇವಲ್ಲ, ಅಂಥದ್ದು. ಮೈಮೇಲೆ ಸಡಿಲವಾದ ಸಲ್ವಾರ್ ಕಮೀಜ್, ಅದರ ಕೆಳಗೆ ಬೆಲ್ಟ್ ಬಾಂಬ್. ಶಿವರಾಸನ್ ಬಿಳಿ ಕುರ್ತಾ ಪೈಜಾಮದಲ್ಲಿ, ಕೈಯಲ್ಲಿ ನೋಟ್‌ಪ್ಯಾಡ್ ಹಿಡಿದು ವರದಿಗಾರನ ಹಾಗೆ ನಿಂತಿದ್ದ. ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಧನುವನ್ನು ತಡೆಯಲು ನೋಡಿದರು. ಇರಲಿ ಬಿಡಿ, ಎಲ್ಲರಿಗೂ ಅವಕಾಶ ಸಿಗಲಿ ಅಂತ ರಾಜೀವ್ ಅವರೇ ಅವರನ್ನು ಹಿಂದೆ ಸರಿಸಿದರು. ಧನು ಕಾಲಿಗೆ ಬೀಳುವ ಹಾಗೆ ಬಗ್ಗಿದಳು. 10 ಗಂಟೆ 20 ನಿಮಿಷದ ಹೊತ್ತು. ರಾಜೀವ್ ಜೊತೆ ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಪೊಲೀಸರು, ಕಾರ್ಯಕರ್ತರು, ಹತ್ತಿರದಿಂದ ನೋಡಲು ನಿಂತವರು.

ಹರಿಬಾಬು ಕೂಡ ಸತ್ತ. ಅವನ ಮೈಮೇಲಿದ್ದ ಕ್ಯಾಮೆರಾ ಉಳಿಯಿತು. ಇಡೀ ಸಂಚಿನಲ್ಲಿ ಹುಲಿಗಳು ಮಾಡಿದ ದೊಡ್ಡ ತಪ್ಪು ಇದೇ. ತಮ್ಮ ಕೆಲಸದ ಫೋಟೋ, ವಿಡಿಯೋ ಎಲ್ಲ ತೆಗೆದಿಟ್ಟುಕೊಳ್ಳುವುದು ಅವರ ಅಭ್ಯಾಸ. ಆ ಅಭ್ಯಾಸವೇ ಕೈಕೊಟ್ಟಿತು. ರೀಲಿನಲ್ಲಿ ಹತ್ತು ಫೋಟೋ ಇದ್ದವು. ಒಂದರಲ್ಲಿ ಹಾರ ಹಿಡಿದ ಹುಡುಗಿ, ಪಕ್ಕದಲ್ಲಿ ಬಿಳಿ ಕುರ್ತಾದವನು. ಕೊನೆಯದರಲ್ಲಿ ಬರೀ ಬೆಂಕಿಯ ಉಂಡೆ. ತಮಿಳುನಾಡು ಫೋರೆನ್ಸಿಕ್ ಲ್ಯಾಬಿನ ಪಿ. ಚಂದ್ರಶೇಖರನ್ ಛಿದ್ರವಾದ ದೇಹದ ತುಂಡುಗಳನ್ನು ಜೋಡಿಸಿ, ಬಾಂಬ್ ಇದ್ದದ್ದು ಆ ಹುಡುಗಿಯ ಸೊಂಟದಲ್ಲಿ ಅಂತ ಗುರುತು ಹಿಡಿದರು. ಕ್ಯಾಮೆರಾ ಒಡೆದುಹೋಗಿದ್ದರೆ? ತನಿಖೆ ಎಲ್ಲಿಂದ ಶುರುವಾಗುತ್ತಿತ್ತೋ ದೇವರಿಗೇ ಗೊತ್ತು.

ಬೆಂಗಳೂರಿನ ಐವತ್ತು ದಿನ

ಸಿಬಿಐ ವಿಶೇಷ ತನಿಖಾ ತಂಡದ ಮುಖ್ಯಸ್ಥರಾಗಿ ಬಂದವರು ಡಿ.ಆರ್. ಕಾರ್ತಿಕೇಯನ್. ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ. ಮದ್ರಾಸಿನ ‘ಮಲ್ಲಿಗೈ’ ಅನ್ನುವ ಕಟ್ಟಡದಲ್ಲಿ ಕಚೇರಿ ತೆರೆದರು. ಜೂನ್ 11ಕ್ಕೆ ಪೇರರಿವಾಳನ್ ಸಿಕ್ಕಿದ. 14ಕ್ಕೆ ಸೈದಾಪೇಟೆ ಬಸ್ ನಿಲ್ದಾಣದಲ್ಲಿ ನಳಿನಿ, ಮುರುಗನ್. ನಳಿನಿ ಆಗ ಗರ್ಭಿಣಿ.

ಒಕ್ಕಣ್ಣನ ಮುಖ ದೂರದರ್ಶನ, ಪತ್ರಿಕೆ, ಗೋಡೆ ಎಲ್ಲ ಕಡೆ ಬಂದಾಗ ತಮಿಳುನಾಡಿನಲ್ಲಿ ಇರುವುದು ಕಷ್ಟವಾಯಿತು. ಜೂನ್ ಕೊನೆಯಲ್ಲಿ ಶಿವರಾಸನ್, ಶುಭಾ, ನೆಹರು ಎಂಬ ವೈರ್‌ಲೆಸ್ ಹುಡುಗ, ಈ ಮೂವರು ಒಂದು ಟ್ಯಾಂಕರ್ ಲಾರಿಯ ಒಳಗೆ ಅಡಗಿ ಬೆಂಗಳೂರಿಗೆ ಬಂದರು. ಖಾಲಿ ಟ್ಯಾಂಕರ್, ಕತ್ತಲು, ಮುನ್ನೂರೈವತ್ತು ಕಿಲೋಮೀಟರ್ ದಾರಿ. ಚೆಕ್‌ಪೋಸ್ಟ್‌ನಲ್ಲಿ ಟ್ಯಾಂಕರ್ ಮುಚ್ಚಳ ತೆಗೆದು ನೋಡುವವರು ಯಾರು ಅಲ್ವಾ?

ಬೆಂಗಳೂರಲ್ಲಿ ಅವರಿಗೆ ನೆಲೆ ಮೊದಲೇ ಇತ್ತು. ಯುದ್ಧದಲ್ಲಿ ಗಾಯಗೊಂಡ ಹುಲಿಗಳನ್ನು ಚಿಕಿತ್ಸೆಗೆ ಇಲ್ಲಿಗೆ ಕಳಿಸುತ್ತಿದ್ದರು. ಇಂದಿರಾನಗರದಲ್ಲಿ ಒಂದು ಮನೆ, ಆಮೇಲೆ ಪುಟ್ಟೇನಹಳ್ಳಿ ಕಡೆ ಇನ್ನೊಂದು, ಕೊನೆಗೆ ಕೋಣನಕುಂಟೆ. ತಮಿಳು ಮಾತಾಡುವವರು ಲಕ್ಷಗಟ್ಟಲೆ ಇರುವ ನಗರ, ಯಾರೂ ತಿರುಗಿ ನೋಡುವುದಿಲ್ಲ ಅನ್ನುವ ಧೈರ್ಯ. ಆಗಸ್ಟ್ ಮೊದಲ ವಾರ ಇಂದಿರಾನಗರದ ಮನೆಗೆ ಪೊಲೀಸರು ಹೋದಾಗ ಒಳಗಿದ್ದ ಇಬ್ಬರು ಕುಪ್ಪಿ ಕಚ್ಚಿದ್ದರು. ಕೈಕಾಲು ಸರಿ ಇಲ್ಲದ ಗಾಯಾಳುಗಳನ್ನು ಮಂಡ್ಯ ಜಿಲ್ಲೆಯ ಮುತ್ತತ್ತಿ ಕಡೆ ಸಾಗಿಸಿದ್ದರು. ಮುತ್ತತ್ತಿರಾಯನ ಗುಡಿ, ಕಾವೇರಿ ದಂಡೆ, ಭಾನುವಾರ ಬೆಂಗಳೂರಿನವರು ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಆಗಸ್ಟ್ ಮಧ್ಯದಲ್ಲಿ ಅಲ್ಲಿಗೂ ಪೊಲೀಸರು ತಲುಪಿದರು. ಅಲ್ಲೂ ಅದೇ ಕಥೆ, ಒಬ್ಬರ ಹಿಂದೆ ಒಬ್ಬರು ಸತ್ತರು.

ಆಗಸ್ಟ್ 18ರ ರಾತ್ರಿ ಹೊತ್ತಿಗೆ ಕೋಣನಕುಂಟೆಯ ಮನೆ ಪತ್ತೆಯಾಗಿತ್ತು. ಸುತ್ತ ಪೊಲೀಸರು ಕಾವಲು ಕೂತರು, ಎನ್‌ಎಸ್‌ಜಿ ಕಮಾಂಡೋಗಳೂ ಬಂದರು. ಆದರೆ ನುಗ್ಗಲಿಲ್ಲ. ಮೇಲಿನಿಂದ ಬಂದ ಸೂಚನೆ: ಶಿವರಾಸನ್ ಜೀವಂತ ಬೇಕು, ಸೈನೈಡ್‌ಗೆ ಮದ್ದು ತರಿಸುತ್ತಿದ್ದೇವೆ, ಹಿರಿಯ ಅಧಿಕಾರಿಗಳು ದೆಹಲಿಯಿಂದ ಬರುತ್ತಿದ್ದಾರೆ, ಕಾಯಿರಿ. ಕಾದರು. ಸುಮಾರು 36 ಗಂಟೆ. 19ರ ಸಂಜೆಗೆ ಒಳಗಿನವರಿಗೆ ಹೊರಗಿನ ಸುಳಿವು ಸಿಕ್ಕಿತು, ಗುಂಡು ಹಾರಿತು. ಬೆಳಗಿನ ಜಾವ ಬಾಗಿಲು ಒಡೆದಾಗ ಎಲ್ಲ ಮುಗಿದಿತ್ತು.

ಕಾದದ್ದು ತಪ್ಪಾ? ತಪ್ಪು ಅಂತ ಆಗಲೂ ಬೈದರು, ಈಗಲೂ ಬೈಯುತ್ತಾರೆ. ನನಗೆ ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಮೊದಲ ರಾತ್ರಿಯೇ ನುಗ್ಗಿದ್ದರೂ, ಬಾಗಿಲು ಒಡೆಯುವ ಸದ್ದಿನಿಂದ ಕುಪ್ಪಿ ಕಚ್ಚುವ ತನಕ ಎಷ್ಟು ಸೆಕೆಂಡು ಬೇಕು? ನಿದ್ದೆಯಲ್ಲಿದ್ದವರನ್ನು ಹಿಡಿಯುವ ಒಂದು ಅವಕಾಶ ಇತ್ತೇನೋ. 36 ಗಂಟೆ ಕಾದ ಮೇಲೆ ಅದೂ ಉಳಿಯಲಿಲ್ಲ. ಮದ್ದಿಗಾಗಿ ಕಾಯುತ್ತಾ ಕೂತು ವಿಷಕ್ಕೆ ಸಮಯ ಕೊಟ್ಟ ಹಾಗಾಯಿತು.

ಏನೇ ಇರಲಿ, ಲೆಕ್ಕ ಹೀಗಾಯಿತು. ಗುಟ್ಟು ಗೊತ್ತಿದ್ದ ಮೂವರಲ್ಲಿ ಧನು ಶ್ರೀಪೆರಂಬುದೂರಿನಲ್ಲೇ ಛಿದ್ರವಾಗಿದ್ದಳು. ಉಳಿದಿಬ್ಬರು ಕೋಣನಕುಂಟೆಯಲ್ಲಿ ಹೋದರು. ಆದೇಶ ಕೊಟ್ಟವರು ಸಮುದ್ರದ ಆಚೆ, ಶ್ರೀಲಂಕಾದಲ್ಲಿ.

ಉಳಿದವರ ಮೇಲೆ ಕೇಸು

ಆರೋಪಪಟ್ಟಿಯಲ್ಲಿ 41 ಹೆಸರು. 12 ಜನ ಸತ್ತಿದ್ದರು. ಪ್ರಭಾಕರನ್, ಪೊಟ್ಟು ಅಮ್ಮಾನ್, ಹುಲಿಗಳ ಬೇಹು ವಿಭಾಗದ ಅಕಿಲಾ ತಲೆಮರೆಸಿಕೊಂಡವರು. ಕಟಕಟೆಗೆ ಬಂದವರು 26. ಮನೆ ಬಾಡಿಗೆಗೆ ಕೊಡಿಸಿದವರು, ಊಟ ಹಾಕಿದವರು, ಗಾಡಿ ಓಡಿಸಿದವರು, ಪೋಸ್ಟರ್ ಅಚ್ಚು ಹಾಕಿದವರು. 1998ರ ಜನವರಿ 28ರಂದು ಪೂನಮಲ್ಲಿಯ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ ಅಷ್ಟೂ 26 ಜನಕ್ಕೆ ಗಲ್ಲು ಅಂದಿತು. ಸುದ್ದಿ ಕೇಳಿ ವಕೀಲರೇ ಬೆಚ್ಚಿಬೀಳುವಂಥ ತೀರ್ಪು.

1999ರ ಮೇ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಜರಡಿ ಹಿಡಿಯಿತು. 19 ಜನ ಹೊರಬಂದರು. ಸಣ್ಣಪುಟ್ಟ ಅಪರಾಧಗಳಿದ್ದರೂ ಅದಕ್ಕೆ ಬೇಕಾದಷ್ಟು ಜೈಲು ಅನುಭವಿಸಿಯಾಗಿತ್ತು. ನಳಿನಿ, ಮುರುಗನ್, ಸಂತನ್, ಪೇರರಿವಾಳನ್‌ಗೆ ಗಲ್ಲು ಉಳಿಯಿತು, ಮೂವರಿಗೆ ಜೀವಾವಧಿ. ಇದು ಸೇಡಿನ ಕೊಲೆ, ಟಾಡಾದ ಅರ್ಥದಲ್ಲಿ ಭಯೋತ್ಪಾದನೆ ಅಲ್ಲ ಅಂತ ಕೋರ್ಟ್ ಹೇಳಿತು. ಆದರೆ ಟಾಡಾ ಇದ್ದದ್ದರಿಂದಲೇ ಪೊಲೀಸ್ ಅಧಿಕಾರಿಯ ಮುಂದೆ ಬರೆಸಿಕೊಂಡ 17 ಜನರ ತಪ್ಪೊಪ್ಪಿಗೆಗೆ ಬೆಲೆ ಬಂದಿತ್ತು. ಟಾಡಾ ಅಪರಾಧ ಬಿದ್ದುಹೋಯಿತು, ಟಾಡಾ ತಪ್ಪೊಪ್ಪಿಗೆ ನಿಂತಿತು. ಕಾನೂನಿನವರಿಗೆ ಇದು ಸರಿ ಕಾಣಬಹುದು. ನನಗೆ ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ.

ಆ ಬ್ಯಾಟರಿ ವಿಷಯಕ್ಕೆ ಬರೋಣ. ಪೇರರಿವಾಳನ್ ಹೇಳಿಕೆ ಬರೆದುಕೊಂಡ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್, ನಿವೃತ್ತರಾದ ಮೇಲೆ 2013ರಲ್ಲಿ ಬಾಯಿಬಿಟ್ಟರು. ಬ್ಯಾಟರಿ ಯಾತಕ್ಕೆ ಅಂತ ನನಗೆ ಗೊತ್ತಿರಲಿಲ್ಲ ಅಂತ ಆ ಹುಡುಗ ಹೇಳಿದ್ದ, ಆ ಮಾತನ್ನು ತಾನು ಬರೆದುಕೊಳ್ಳಲಿಲ್ಲ ಅಂದರು. ಮೇ 7ರ ವೈರ್‌ಲೆಸ್ ಸಂದೇಶವನ್ನೂ ಅವರು ನೆನಪಿಸಿದರು. ಹಾಗಂತ ಪೇರರಿವಾಳನ್ ಏನೂ ಅರಿಯದ ಪಾಪದವನು ಅಂತ ನಾನು ಹೇಳುತ್ತಿಲ್ಲ. ಹುಲಿಗಳಿಗೆ ಕೆಲಸ ಮಾಡುತ್ತಿದ್ದ, ಶಿವರಾಸನ್ ಎಂಥವನು ಅಂತ ಗೊತ್ತಿದ್ದಿರಬೇಕು. ಆದರೆ ಹುಲಿಗಳಿಗೆ ಕೆಲಸ ಮಾಡುವುದು ಬೇರೆ, ರಾಜೀವ್‌ರನ್ನು ಕೊಲ್ಲಲು ಒಪ್ಪಿಕೊಳ್ಳುವುದು ಬೇರೆ. ನಡುವಿನ ಗೆರೆ ಎಲ್ಲಿ ಅಂತ ಖಚಿತವಾಗಿ ಹೇಳಬಲ್ಲವರು ಕೋಣನಕುಂಟೆಯಲ್ಲೇ ಮುಗಿದಿದ್ದರು.

ಸೋನಿಯಾ ಗಾಂಧಿ ಮನವಿಯ ನಂತರ ನಳಿನಿಯ ಗಲ್ಲು 2000ದಲ್ಲಿ ಜೀವಾವಧಿಯಾಯಿತು. ಉಳಿದ ಮೂವರ ಕ್ಷಮಾದಾನ ಅರ್ಜಿ ರಾಷ್ಟ್ರಪತಿ ಭವನದಲ್ಲಿ 11 ವರ್ಷ ಕೂತಿತ್ತು. 2011ರಲ್ಲಿ ತಿರಸ್ಕಾರವಾಗಿ, ಸೆಪ್ಟೆಂಬರ್ 9ಕ್ಕೆ ಗಲ್ಲು ಅಂತ ದಿನವೂ ಗೊತ್ತಾಗಿ, ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು. ತಡ ಮಾಡಿದ್ದೇ ಅನ್ಯಾಯ ಅಂತ 2014ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಗಲ್ಲಿನಿಂದ ಇಳಿಸಿತು. 2022ರ ಮೇ 18ಕ್ಕೆ ಪೇರರಿವಾಳನ್ ಬಿಡುಗಡೆ. ಒಳಗೆ ಹೋದಾಗ 19, ಹೊರಬಂದಾಗ 50. ಅದೇ ನವೆಂಬರ್ 11ಕ್ಕೆ ಉಳಿದ ಆರು ಜನ. ಶ್ರೀಪೆರಂಬುದೂರಿನಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳವರು ಇದನ್ನು ಹೇಗೆ ತೆಗೆದುಕೊಂಡಿರಬೇಡ? ಅವರನ್ನು ಕೇಳಿದವರು ಕಡಿಮೆ.

ಅಷ್ಟರಲ್ಲಿ ಹುಲಿಗಳೇ ಇರಲಿಲ್ಲ. ಭಾರತ 1992ರಲ್ಲಿ ನಿಷೇಧ ಹಾಕಿತ್ತು. ತಮಿಳುನಾಡಿನ ಕರಾವಳಿ, ಅಲ್ಲಿನ ಮನೆಗಳು, ಆಸ್ಪತ್ರೆಗಳು ಅವರಿಗೆ ಮುಚ್ಚಿಹೋದವು. 2002ರಲ್ಲಿ ಕಿಳಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಈ ಕೊಲೆಯ ಬಗ್ಗೆ ಕೇಳಿದಾಗ ಪ್ರಭಾಕರನ್ ಅದೊಂದು ದುಃಖದ ಘಟನೆ ಅಂದು ಮುಂದಿನ ಪ್ರಶ್ನೆಗೆ ಹೋದ. 2009ರ ಮೇನಲ್ಲಿ ನಂದಿಕ್ಕಡಲ್ ಹಿನ್ನೀರಿನ ದಂಡೆಯಲ್ಲಿ ಅವನ ಹೆಣ ಸಿಕ್ಕಿತು. ಆ ಕೊನೆಯ ತಿಂಗಳುಗಳಲ್ಲಿ ಸೈನ್ಯದ ಶೆಲ್ಲುಗಳ ಕೆಳಗೆ, ಓಡಿಹೋಗದ ಹಾಗೆ ಹುಲಿಗಳೇ ತಡೆದಿಟ್ಟ ಜನ ಸಿಕ್ಕಿಕೊಂಡಿದ್ದರು. 40,000ದವರೆಗೂ ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು.

ಆ ದೋಣಿಯ ಒಂಬತ್ತು ಜನರಲ್ಲಿ ಐವರು 1991ರಲ್ಲೇ ಸತ್ತರು, ಒಬ್ಬಳು ಶ್ರೀಪೆರಂಬುದೂರಿನಲ್ಲಿ, ನಾಲ್ವರು ಕೋಣನಕುಂಟೆಯಲ್ಲಿ. ಮೂವರು 1999ರಲ್ಲಿ ಬಿಡುಗಡೆಯಾದರು. ಉಳಿದವನು ಸಂತನ್. 2022ರಲ್ಲಿ ಜೈಲಿನಿಂದ ಬಿಟ್ಟರೂ, ವಿದೇಶಿ ಅನ್ನುವ ಕಾರಣಕ್ಕೆ ತಿರುಚ್ಚಿಯ ವಿಶೇಷ ಶಿಬಿರದಲ್ಲಿ ಇಟ್ಟಿದ್ದರು. ತಾಯಿಯನ್ನು ನೋಡಬೇಕು, ಊರಿಗೆ ಕಳಿಸಿ ಅಂತ ಅರ್ಜಿ ಹಾಕುತ್ತಲೇ ಇದ್ದ. ಅನುಮತಿ ಬಂತು. ಹೊರಡುವ ಮೊದಲೇ, 2024ರ ಫೆಬ್ರವರಿ 28ರಂದು ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಶವಪೆಟ್ಟಿಗೆಯನ್ನು ವಿಮಾನದಲ್ಲಿ ಕಳಿಸಿದರು.